ಒಂದೇ ತಕ್ಕಡಿ, ಎರಡು ಚೀಟಿ

ಬೆಂಗಳೂರಿನ ಮಾಮೂಲ್‌ಪೇಟೆ ಮತ್ತು ಅದರ ಸುತ್ತಲಿನ ಹಳೆಯ ಪೇಟೆ ಬೀದಿಗಳಲ್ಲಿ ಗ್ರಂಧಿಗೆ ಅಂಗಡಿಯನ್ನು ಹುಡುಕಲು ನಾಮಫಲಕ ಬೇಕಿಲ್ಲ, ವಾಸನೆಯೇ ಸಾಕು. ಶುಂಠಿ, ಹಿಪ್ಪಲಿ, ಬಜೆ, ಅಳಲೆಕಾಯಿ, ಸೋನಾಮುಖಿ ಎಲ್ಲವೂ ಬೆರೆತ ವಾಸನೆ ಅದು. ಇಲ್ಲಿ ಪಂಡಿತರ ಚೀಟಿಗೂ ಹಕೀಮರ ಚೀಟಿಗೂ ಒಂದೇ ತಕ್ಕಡಿ. ಒಬ್ಬರು ಯಷ್ಟಿಮಧು ಎಂದು ಬರೆದರೆ ಇನ್ನೊಬ್ಬರು ಅಸ್ಲುಸ್ಸೂಸ್ ಎನ್ನುತ್ತಾರೆ. ಬೇರು ಮಾತ್ರ ಒಂದೇ, ನಮ್ಮ ಮನೆಗಳ ಜೇಷ್ಠಮಧು.

ಈ ಬೀದಿಗಳಿಗೆ ಹತ್ತಿರದಲ್ಲೇ ವಿಕ್ಟೋರಿಯಾ ಆಸ್ಪತ್ರೆಯಿದೆ. 1898ರಲ್ಲಿ ಪ್ಲೇಗ್ ಪೇಟೆಯ ಇಕ್ಕಟ್ಟಾದ ಮನೆಗಳಿಗೆ ನುಗ್ಗಿದಾಗ ಜನ ಊರು ಬಿಟ್ಟರು. ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೆಳೆದದ್ದು ಆ ನಂತರ. 1900ರಲ್ಲಿ ಆಸ್ಪತ್ರೆ ಆರಂಭವಾಯಿತು. 1955ರಲ್ಲಿ ವೈದ್ಯಕೀಯ ಕಾಲೇಜೂ ಬಂತು. ಹೀಗೆ ಗ್ರಂಧಿಗೆ ಅಂಗಡಿ ಮತ್ತು ಪ್ರಯೋಗಾಲಯ ನೆರೆಹೊರೆಯವಾದವು. ಆದರೆ ಇವೆರಡರ ನಡುವೆ ಮಾತುಕತೆ ಬೆಳೆಯಲಿಲ್ಲ.

ತಂದೆಯಿಂದ ಮಗನಿಗೆ, ಉಸ್ತಾದರಿಂದ ಶಾಗಿರ್ದನಿಗೆ ದಾಟುತ್ತಿದ್ದ ವಿದ್ಯೆ ತರಗತಿಯ ಕೋಣೆಗೆ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಮೈಸೂರಿನಲ್ಲಿ 1908ರಲ್ಲಿ ಸರಕಾರಿ ಆಯುರ್ವೇದ ಕಾಲೇಜು ಆರಂಭವಾಯಿತು. ದೆಹಲಿಯಲ್ಲಿ ಹಕೀಂ ಅಜ್ಮಲ್ ಖಾನರು ಆಯುರ್ವೇದ ಮತ್ತು ಯುನಾನಿ ಎರಡನ್ನೂ ಒಂದೇ ಸೂರಿನಡಿ ಕಲಿಸುವ ತಿಬ್ಬಿಯಾ ಕಾಲೇಜು ಕಟ್ಟಿದರು. 1921ರ ಫೆಬ್ರವರಿಯಲ್ಲಿ ಅದನ್ನು ಉದ್ಘಾಟಿಸಿದ ಗಾಂಧೀಜಿಯವರು ಬರೇ ಹೊಗಳಿ ಹೋಗಲಿಲ್ಲ. ಪಾಶ್ಚಾತ್ಯ ವಿಜ್ಞಾನಿಗಳಲ್ಲಿರುವ ಸಂಶೋಧನಾ ಪ್ರವೃತ್ತಿ ನಮ್ಮ ವೈದ್ಯರು, ಹಕೀಮರಲ್ಲಿ ಕಾಣುತ್ತಿಲ್ಲವೆಂದು ಆ ವೇದಿಕೆಯಲ್ಲೇ ಹೇಳಿದರು.

ಅಜ್ಮಲ್ ಖಾನರಿಗೂ ಆ ಕೊರತೆಯ ಅರಿವಿತ್ತು. ಅವರು ರಸಾಯನ ವಿಜ್ಞಾನಿ ಸಲೀಮುಝ್ಝಮಾನ್ ಸಿದ್ದೀಕಿಯವರನ್ನು ಕಾಲೇಜಿಗೆ ಕರೆತಂದರು. ಸಿದ್ದೀಕಿ 1931ರಲ್ಲಿ ಸರ್ಪಗಂಧಿ ಬೇರಿನಿಂದ ಬೇರ್ಪಡಿಸಿದ ಒಂದು ವಸ್ತುವಿಗೆ, ಅಷ್ಟರಲ್ಲಿ ತೀರಿಕೊಂಡಿದ್ದ ಹಕೀಮರ ನೆನಪಿಗೆ ಅಜ್ಮಲಿನ್ ಎಂದು ಹೆಸರಿಟ್ಟರು. ಅದೇ ಬೇರಿನಿಂದ 1952ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ರೆಸರ್ಪಿನ್ ದೊರೆಯಿತು. ರಕ್ತದೊತ್ತಡಕ್ಕೆ ಅದು ಲೋಕವೆಲ್ಲ ಬಳಸಿದ ಔಷಧಿಯಾಯಿತು. ಅದರಿಂದ ಕೆಲವರಿಗೆ ಮನಸ್ಸು ಕುಗ್ಗುವುದೂ ಗೊತ್ತಾಯಿತು. ಪರೀಕ್ಷೆಯೆಂದರೆ ಇದೇ ತಾನೇ? ಗುಣವನ್ನೂ ದೋಷವನ್ನೂ ಅದು ಮುಚ್ಚಿಡುವುದಿಲ್ಲ.

1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ಎಂಬಿಬಿಎಸ್, ಆಯುರ್ವೇದ, ಯುನಾನಿ, ಹೋಮಿಯೋಪತಿ ವಿದ್ಯಾರ್ಥಿಗಳಲ್ಲಿ ಬಹುತೇಕರು ಒಂದೇ ವಿಶ್ವವಿದ್ಯಾಲಯದವರಾದರು. ಮಾಗಡಿ ರಸ್ತೆಯ ರಾಷ್ಟ್ರೀಯ ಯುನಾನಿ ಸಂಸ್ಥೆಯಲ್ಲಿ 2004ರಿಂದ ಸ್ನಾತಕೋತ್ತರ ಶಿಕ್ಷಣವೂ ನಡೆದಿದೆ. ಆದರೆ ಪದವಿಪತ್ರದ ಮುದ್ರೆ ಒಂದಾದ ಮಾತ್ರಕ್ಕೆ ಮನಸ್ಸುಗಳು ಒಂದಾಗುತ್ತವೆಯೇ?

ನಮ್ಮ ವಿದ್ಯಾರ್ಥಿಗಳ ದ್ವಂದ್ವ ಇಲ್ಲಿದೆ. ತರಗತಿಯಲ್ಲಿ ನಾಟಿ ಮದ್ದನ್ನು ನಕ್ಕು ತಳ್ಳಿಹಾಕುವ ಹುಡುಗ ಪರೀಕ್ಷೆಯ ಹಿಂದಿನ ರಾತ್ರಿ ಗಂಟಲು ಕೆಟ್ಟರೆ ಅಜ್ಜಿಯ ಕಷಾಯ ಕುಡಿಯುತ್ತಾನೆ. ಗಿಡಮೂಲಿಕೆಯಿಂದ ಕೆಡುಕೇ ಇಲ್ಲವೆಂದು ನಂಬುವ ಹುಡುಗಿ ಜ್ವರ ಏರಿದೊಡನೆ ಮಾತ್ರೆ ನುಂಗುತ್ತಾಳೆ. ಇಬ್ಬರೂ ಒಂದನ್ನು ಇನ್ನೊಂದರಿಂದ ಬಚ್ಚಿಡುತ್ತಾರೆ. ಅಪಾಯ ಇರುವುದು ಈ ಬಚ್ಚಿಡುವಿಕೆಯಲ್ಲಿ. ಜೇಷ್ಠಮಧುವನ್ನು ಬಹುದಿನ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರಬಹುದು, ದೇಹದ ಪೊಟ್ಯಾಸಿಯಂ ಇಳಿಯಬಹುದು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿತ್ತು.

ಇದನ್ನು ಹೇಳಿದರೆ ಪರಂಪರೆಯನ್ನು ಅವಮಾನಿಸಿದಂತಲ್ಲ. ಇಬ್ನ್ ಸೀನಾ ಸಾವಿರ ವರ್ಷಗಳ ಹಿಂದೆಯೇ ಮದ್ದನ್ನು ಪರೀಕ್ಷಿಸುವ ನಿಯಮಗಳನ್ನು ಬರೆದಿಟ್ಟಿದ್ದಾನೆ. ಅವನ ಹೆಸರು ಹೇಳಿ ಹೆಮ್ಮೆಪಡುವ ನಾವು ಆ ನಿಯಮಗಳನ್ನೂ ಪಾಲಿಸಬೇಡವೇ?

ವೈದ್ಯರು ಒಂದು ಪ್ರಶ್ನೆಯನ್ನು ಗದರಿಸದೆ ಕೇಳಲಿ: ಮನೆಯಲ್ಲಿ ಬೇರೇನು ಮದ್ದು ತಗೊಳ್ತಿದ್ದೀರಿ? ರೋಗಿಯೂ ಸಂಕೋಚವಿಲ್ಲದೆ ಉತ್ತರಿಸಲಿ. ಎರಡೂ ಚೀಟಿಗಳನ್ನು ಒಟ್ಟಿಗೆ ಮೇಜಿನ ಮೇಲಿಡುವ ಅಭ್ಯಾಸ ವಿಶ್ವವಿದ್ಯಾಲಯದಲ್ಲೇ ಆರಂಭವಾಗಬೇಕು. ಮಾಮೂಲ್‌ಪೇಟೆಯ ತಕ್ಕಡಿಗೆ ಅದು ಎಂದೋ ಅಭ್ಯಾಸವಾಗಿದೆ.