ಗೆದ್ದವನನ್ನು ಮತ್ತೆ ನಗೆಗೀಡು ಮಾಡುವ ಕಷ್ಟ: ಅಮೆರಿಕದ ಕ್ರೀಡಾ ಹಾಸ್ಯಚಿತ್ರಗಳ ಉತ್ತರಭಾಗಗಳು

ಒಂದು ಚಿತ್ರದ ಪಾತ್ರಗಳನ್ನೇ ಮುಂದಿಟ್ಟುಕೊಂಡು ಅವರ ಮುಂದಿನ ಕಥೆಯನ್ನು ಹೇಳುವ ಚಿತ್ರವನ್ನು ಉತ್ತರಭಾಗ ಎನ್ನುವುದಾದರೆ, ಅಮೆರಿಕದ ಕ್ರೀಡಾ ಹಾಸ್ಯಚಿತ್ರಗಳಿಗೆ ಉತ್ತರಭಾಗ ತಯಾರಿಸುವ ರೂಢಿ ಬೇರೂರಿದ್ದು 1970ರ ದಶಕದಲ್ಲಿ. ಆದರೆ ಆ ಬಗೆಯ ಅತ್ಯಂತ ಚುರುಕಾದ ಯೋಚನೆ ಅದಕ್ಕೂ ಮೂರು ದಶಕ ಮೊದಲೇ ತೆರೆಯ ಮೇಲೆ ಬಂದು, ಹೆಚ್ಚು ಜನರ ಕಣ್ಣಿಗೆ ಬೀಳದೆ ಹೋಗಿತ್ತು. ಇಂಥ ಚಿತ್ರಗಳಲ್ಲಿ ನಗೆ ಹುಟ್ಟುವುದು ಆಟ ಬಾರದವನು ಆಡಲು ಹೊರಡುವುದರಿಂದ. ಕೊನೆಯ ಪಂದ್ಯದಲ್ಲಿ ಅವನು ಹೇಗೋ ಗೆದ್ದುಬಿಟ್ಟರೆ ಪ್ರೇಕ್ಷಕರು ಸಂತೋಷದಿಂದ ಮನೆಗೆ ಹೋಗುತ್ತಾರಾದರೂ, ನಗೆಯ ಬಂಡವಾಳ ಅಲ್ಲಿಗೆ ಮುಗಿದಿರುತ್ತದೆ. ಹೀಗಾಗಿ ಎರಡನೆಯ ಚಿತ್ರವನ್ನು ಬರೆಯಲು ಕುಳಿತವರು ಮೊದಲು ಬಗೆಹರಿಸಬೇಕಾದದ್ದು ಆ ಹಳೆಯ ಗೆಲುವನ್ನು ಏನು ಮಾಡುವುದು ಎಂಬುದನ್ನು.

1925ರಲ್ಲಿ ತೆರೆಕಂಡ 'ದ ಫ್ರೆಶ್‌ಮನ್' ಎಂಬ ಮೂಕಿಚಿತ್ರ ಈ ಪ್ರಕಾರದ ಮೂಲಮಾದರಿ. ಹೆರಾಲ್ಡ್ ಲಾಯ್ಡ್ ಅಭಿನಯಿಸಿದ, ಫ್ರೆಡ್ ನ್ಯೂಮೇಯರ್ ಮತ್ತು ಸ್ಯಾಮ್ ಟೇಲರ್ ನಿರ್ದೇಶಿಸಿದ ಈ ಚಿತ್ರದ ನಾಯಕ ಹೆರಾಲ್ಡ್ ಲ್ಯಾಂಬ್, ಕಾಲೇಜಿನಲ್ಲಿ ಎಲ್ಲರ ಮೆಚ್ಚಿನವನಾಗಬೇಕೆಂಬ ಹಂಬಲದಿಂದ ಫುಟ್‌ಬಾಲ್ ತಂಡದ ಆಯ್ಕೆಗೆ ಹೋಗುತ್ತಾನೆ. ಅಲ್ಲಿ ಅವನಿಗೆ ಸಿಗುವುದು ಆಟಗಾರರು ಢಿಕ್ಕಿ ಹೊಡೆದು ಅಭ್ಯಾಸ ಮಾಡುವ ಬೊಂಬೆಯ ಸ್ಥಾನ, ಆಮೇಲೆ ನೀರು ಹೊತ್ತುಕೊಡುವ ಕೆಲಸ; ತಾನು ತಂಡದಲ್ಲಿದ್ದೇನೆಂದೇ ಅವನು ನಂಬಿರುತ್ತಾನೆ. ಕೊನೆಯ ಪಂದ್ಯದಲ್ಲಿ ಆಟಗಾರರೆಲ್ಲ ಗಾಯಗೊಂಡು ಬೇರೆ ದಾರಿಯಿಲ್ಲದೆ ಅವನನ್ನು ಕಣಕ್ಕಿಳಿಸಿದಾಗ, ಎದುರಾಳಿಯ ಗೆರೆಯಾಚೆಗೆ ಚೆಂಡನ್ನು ಒಯ್ದು ಅಂಕ ಗಳಿಸುವ 'ಟಚ್‌ಡೌನ್' ಸಾಧಿಸಿ ಕಾಲೇಜಿನ ವೀರನಾಗುತ್ತಾನೆ. 1924ರಲ್ಲಿ ಬರ್ಕ್ಲಿಯ ಕ್ರೀಡಾಂಗಣದಲ್ಲಿ ನಡೆದ ನಿಜವಾದ ಪಂದ್ಯವೊಂದರ ವಿರಾಮದ ವೇಳೆಯಲ್ಲಿ ಈ ದೃಶ್ಯಕ್ಕೆ ಬೇಕಾದ ಜನಸಂದಣಿಯನ್ನು ಚಿತ್ರೀಕರಿಸಿಕೊಳ್ಳಲಾಗಿತ್ತು.

ಇಪ್ಪತ್ತೆರಡು ವರ್ಷಗಳ ನಂತರ, 1947ರಲ್ಲಿ, ನಿರ್ದೇಶಕ ಪ್ರೆಸ್ಟನ್ ಸ್ಟರ್ಜಸ್ ಆ ಪಂದ್ಯದ ದೃಶ್ಯಗಳನ್ನೇ ತನ್ನ 'ದ ಸಿನ್ ಆಫ್ ಹೆರಾಲ್ಡ್ ಡಿಡಲ್‌ಬಾಕ್' ಚಿತ್ರದ ಮೊದಲಲ್ಲಿ ಇಟ್ಟು, ನಿವೃತ್ತಿಯಲ್ಲಿದ್ದ ಲಾಯ್ಡ್‌ನನ್ನು ಮತ್ತೆ ಕರೆತಂದ. ಪಂದ್ಯ ನೋಡಿ ಉಬ್ಬಿಹೋದ ಉದ್ಯಮಿಯೊಬ್ಬ ನಾಯಕನಿಗೆ ತನ್ನ ಜಾಹೀರಾತು ಸಂಸ್ಥೆಯಲ್ಲಿ ಕೆಲಸದ ಆಸೆ ತೋರಿಸುತ್ತಾನೆ; ವೀರನಿಗೆ ದಕ್ಕುವುದು ಲೆಕ್ಕಪತ್ರದ ವಿಭಾಗದ ಒಂದು ಮೂಲೆಯ ಮೇಜು. ಅದೇ ಮೇಜಿಗೆ ಅಂಟಿಕೊಂಡು, ಗೋಡೆಯ ತುಂಬ ಉತ್ಸಾಹದ ನುಡಿಗಟ್ಟುಗಳನ್ನು ತೂಗುಹಾಕಿಕೊಂಡು, ಕಚೇರಿಗೆ ಒಬ್ಬರಾದ ಮೇಲೊಬ್ಬರಂತೆ ಕೆಲಸಕ್ಕೆ ಬಂದ ಅಕ್ಕತಂಗಿಯರನ್ನೆಲ್ಲ ಸರದಿಯಲ್ಲಿ ಮೌನವಾಗಿ ಪ್ರೀತಿಸಿ, ನಡುವಯಸ್ಸು ದಾಟಿದ ಮೇಲೆ ಕೈಗಡಿಯಾರವೊಂದರ ಸಮೇತ ಕೆಲಸ ಕಳೆದುಕೊಳ್ಳುವ ಮನುಷ್ಯನ ಚಿತ್ರ ಅದು. ಮೊದಲ ಚಿತ್ರದ ಗೆಲುವನ್ನು ಸ್ಟರ್ಜಸ್ ಅಳಿಸಲೂ ಇಲ್ಲ, ಇನ್ನೊಮ್ಮೆ ಆಡಿಸಲೂ ಇಲ್ಲ. ಆ ಗೆಲುವೇ ನಾಯಕನ ಬಾಳನ್ನು ಹಾಳುಮಾಡಿತು ಎಂದು ತೋರಿಸಿದ. ಈ ಪ್ರಕಾರದ ಇಡೀ ಚರಿತ್ರೆಯಲ್ಲಿ ಇದಕ್ಕೆ ಸರಿಸಾಟಿಯಾದ ಕಲ್ಪನೆ ಮತ್ತೊಂದಿಲ್ಲ. ದುರದೃಷ್ಟವೆಂದರೆ ಚಿತ್ರದ ದ್ವಿತೀಯಾರ್ಧ, ನಾಯಕ ಮೊದಲ ಸಲ ಮದ್ಯ ಕುಡಿದು ಎಚ್ಚರಾದಾಗ ಒಂದು ಸರ್ಕಸ್ಸಿಗೆ ಮಾಲೀಕನಾಗಿರುವ ಪ್ರಸಂಗದಿಂದ ಹಿಡಿದು ಎತ್ತರದ ಕಟ್ಟಡದ ಅಂಚಿನಲ್ಲಿ ಸಿಂಹದೊಂದಿಗೆ ಒದ್ದಾಡುವವರೆಗೆ, ಲಾಯ್ಡ್‌ನ ಹಳೆಯ ಸಾಹಸಗಳ ನೆರಳಿಗೆ ಜಾರಿಬಿಡುತ್ತದೆ. ನಿರ್ಮಾಣದ ಪಾಲುದಾರನಾಗಿದ್ದ ಹವರ್ಡ್ ಹ್ಯೂಸ್ ಚಿತ್ರವನ್ನು ಹಿಂತೆಗೆದುಕೊಂಡು, ಕತ್ತರಿಸಿ, 1950ರಲ್ಲಿ 'ಮ್ಯಾಡ್ ವೆಡ್ನೆಸ್‌ಡೇ' ಎಂಬ ಬೇರೆ ಹೆಸರಿನಲ್ಲಿ ಬಿಡುಗಡೆ ಮಾಡಿದ. ಲಾಯ್ಡ್ ಆ ನಂತರ ಯಾವ ಚಿತ್ರದಲ್ಲೂ ನಟಿಸಲಿಲ್ಲ.

ಗೆಲುವಿನ ತೊಡಕನ್ನು ಬೇರೊಂದು ಉಪಾಯದಿಂದ ದಾಟಿದ್ದು 1976ರ 'ದ ಬ್ಯಾಡ್ ನ್ಯೂಸ್ ಬೇರ್ಸ್'. ಮೈಕೆಲ್ ರಿಚಿ ನಿರ್ದೇಶಿಸಿದ, ಬಿಲ್ ಲ್ಯಾಂಕಾಸ್ಟರ್ ಬರೆದ ಈ ಚಿತ್ರದಲ್ಲಿ ಕ್ಯಾಲಿಫೋರ್ನಿಯಾದ ಮಕ್ಕಳ ಬೇಸ್‌ಬಾಲ್ ತಂಡವೊಂದಕ್ಕೆ, ಹಿಂದೆ ಕೆಳದರ್ಜೆಯ ಲೀಗುಗಳಲ್ಲಿ ಆಡಿ ಈಗ ಈಜುಕೊಳ ತೊಳೆದು ಜೀವನ ನಡೆಸುವ ಕುಡುಕನೊಬ್ಬ, ಅಂದರೆ ವಾಲ್ಟರ್ ಮ್ಯಾಥೌ, ತರಬೇತುದಾರನಾಗುತ್ತಾನೆ. ತಂಡ ಕಡೆಯ ಪಂದ್ಯದಲ್ಲಿ 7-6ರಿಂದ ಸೋಲುತ್ತದೆ. ಗೆಲ್ಲಲೇಬೇಕೆಂದು ಮಕ್ಕಳನ್ನು ಹಿಂಡುವ ದೊಡ್ಡವರ ಚಪಲವನ್ನು ಲೇವಡಿ ಮಾಡುವ ಚಿತ್ರಕ್ಕೆ ಈ ಸೋಲು ಅಲಂಕಾರವಲ್ಲ, ಅದರ ವಾದದ ಕೊನೆಯ ಮಾತು. ಸೋತವರಿಗೆ ಮುಂದಿನ ವರ್ಷ ಎಂಬುದೊಂದು ಇರುತ್ತದೆಯಾದ್ದರಿಂದ ಉತ್ತರಭಾಗಕ್ಕೆ ಇದಕ್ಕಿಂತ ಹದವಾದ ನೆಲ ಸಿಗಲಾರದು ಎನಿಸುವುದು ಸಹಜ. ಆದರೂ ಮರುವರ್ಷವೇ ಬಂದ ಎರಡನೆಯ ಚಿತ್ರದಲ್ಲಿ ಮ್ಯಾಥೌ, ಮೊದಲ ಚಿತ್ರದ ನಟಿ ಟೇಟಮ್ ಓನೀಲ್, ನಿರ್ದೇಶಕ ರಿಚಿ ಯಾರೂ ಇರಲಿಲ್ಲ. ಹುಡುಗರು ಹ್ಯೂಸ್ಟನ್ನಿನ ಆಸ್ಟ್ರೋಡೋಮ್ ಎಂಬ ಭಾರೀ ಮುಚ್ಚಿದ ಕ್ರೀಡಾಂಗಣಕ್ಕೆ ಹೋಗಿ, ತುಂಬಿದ ಜನರ ಹರ್ಷೋದ್ಗಾರದ ನಡುವೆ ಗೆದ್ದು ಬಂದರು. ಮೊದಲ ಚಿತ್ರ ಯಾವ ಹಪಾಹಪಿಯನ್ನು ನಕ್ಕು ತಳ್ಳಿತ್ತೋ ಅದಕ್ಕೇ ಎರಡನೆಯದು ಚಪ್ಪಾಳೆ ತಟ್ಟಿಸಿತು. 1978ರ ಮೂರನೆಯ ಚಿತ್ರ ತಂಡವನ್ನು ಜಪಾನಿಗೆ ಒಯ್ದಿತು. ಊರು ಬದಲಾಯಿತು ಎನ್ನುವುದರ ಹೊರತು ಅದರಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ.

1980ರ ನಂತರ ಉತ್ತರಭಾಗಗಳ ಈ ತೊಡಕಿಗೆ ವ್ಯಾಪಾರದ ಕಾರಣಗಳೂ ಸೇರಿಕೊಂಡವು. ಗಾಲ್ಫ್ ಆಟಗಾರರ ಕೋಲುಗಳ ಚೀಲ ಹೊರುವ 'ಕ್ಯಾಡಿ' ಹುಡುಗರ ಕಣ್ಣಿನಿಂದ ಸಿರಿವಂತರ ಕ್ಲಬ್ಬನ್ನು ನೋಡಿದ, ಹೆರಾಲ್ಡ್ ರಾಮಿಸ್ ನಿರ್ದೇಶನದ 'ಕ್ಯಾಡಿಶಾಕ್', ಹದಿನೇಳು ತುಂಬದವರು ಹಿರಿಯರ ಜೊತೆಯಲ್ಲಿ ಮಾತ್ರ ನೋಡಬಹುದಾದ 'ಆರ್' ದರ್ಜೆಯ ಚಿತ್ರವಾಗಿತ್ತು. 1988ರ ಉತ್ತರಭಾಗವನ್ನು ಮಕ್ಕಳಿಗೂ ಟಿಕೆಟ್ ಮಾರಬಹುದಾದ ಸೌಮ್ಯ ದರ್ಜೆಗೆ ಇಳಿಸಲಾಯಿತು, ಮೊದಲ ಚಿತ್ರದ ಪ್ರಮುಖ ತಾರೆಯರಲ್ಲಿ ಚೆವಿ ಚೇಸ್ ಒಬ್ಬನೇ ಮರಳಿದ. ನಗೆಯ ಒರಟುತನವೇ ಅದರ ಸತ್ವವಾಗಿದ್ದಾಗ ಅದನ್ನು ತೊಳೆದಿಟ್ಟರೆ ಏನು ಉಳಿಯುತ್ತದೆಂಬುದನ್ನು ಆ ಚಿತ್ರದಲ್ಲಿ ಧಾರಾಳವಾಗಿ ನೋಡಬಹುದು. ಕ್ಲೀವ್‌ಲ್ಯಾಂಡಿನ ಬೇಸ್‌ಬಾಲ್ ತಂಡದ ಕಥೆಯಾದ 'ಮೇಜರ್ ಲೀಗ್' (1989) ಕೂಡ 1994ರ ಎರಡನೆಯ ಭಾಗದಲ್ಲಿ ಇದೇ ರೀತಿ ಸೌಮ್ಯವಾಯಿತು. ಅದು ಹುಡುಕಿಕೊಂಡ ಒಳದಾರಿ ಮಾತ್ರ ಸ್ವಾರಸ್ಯಕರ: ಮೊದಲ ಚಿತ್ರದ ಗೆಲುವಿನ ನಂತರ, ಪ್ರೇಕ್ಷಕರು ಕಾಣದ ಮುಂದಿನ ಸುತ್ತಿನಲ್ಲಿ, ತಂಡ ಸೋತುಹೋಗಿತ್ತೆಂದು ಹೇಳಿ ಕಥೆಯನ್ನು ಮತ್ತೆ ತಳದಿಂದ ಶುರುಮಾಡಿತು.

ಹೆಚ್ಚು ವಿಚಿತ್ರವಾದದ್ದು ಡಿಸ್ನಿ ಸಂಸ್ಥೆಯ 'ದ ಮೈಟಿ ಡಕ್ಸ್' ಪ್ರಕರಣ. 1992ರ ಆ ಚಿತ್ರ 'ಬೇರ್ಸ್' ಕಥೆಯನ್ನೇ ಮಂಜುಗಡ್ಡೆಯ ಮೇಲಿನ ಹಾಕಿಗೆ ಒಗ್ಗಿಸಿಕೊಂಡಿತ್ತು: ಕುಡಿದು ಕಾರು ಓಡಿಸಿದ ತಪ್ಪಿಗೆ ವಕೀಲನೊಬ್ಬ ಮಿನಿಯಾಪೊಲಿಸ್‌ನ ಬಡ ಹುಡುಗರ ತಂಡಕ್ಕೆ ತರಬೇತಿ ಕೊಡಬೇಕಾಗುತ್ತದೆ. ಚಿತ್ರದ ಯಶಸ್ಸಿನ ಬೆನ್ನಿಗೆ ಡಿಸ್ನಿ ಅದೇ ಹೆಸರಿನ ನಿಜವಾದ ವೃತ್ತಿಪರ ತಂಡವನ್ನು ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಕಟ್ಟಿ, 1993ರಲ್ಲಿ ರಾಷ್ಟ್ರೀಯ ಹಾಕಿ ಲೀಗಿನಲ್ಲಿ ಆಡಿಸಿತು. 1994ರಲ್ಲಿ ಉತ್ತರಭಾಗ ಬಂದಾಗ ಅದರ ಕಥೆ ಪ್ರಾಯೋಜಕ ಕಂಪನಿಯ ಹಣಕ್ಕೆ ಮರುಳಾದ ತರಬೇತುದಾರನನ್ನು ಟೀಕಿಸುತ್ತಲೇ ಸಾಗಿ, ಕೊನೆಯ ಪಂದ್ಯವನ್ನು ಅನಾಹೈಮ್ ತಂಡದ ಸ್ವಂತ ಕ್ರೀಡಾಂಗಣದಲ್ಲಿ, ಅದರ ಹೊಸ ಲಾಂಛನವಿದ್ದ ಅಂಗಿಗಳನ್ನು ಮಕ್ಕಳಿಗೆ ತೊಡಿಸಿ ಮುಗಿಸಿತು. ಉತ್ತರಭಾಗ ಮೂಲದ ಮಟ್ಟಕ್ಕೆ ಏರಿತೇ ಎಂಬ ಪ್ರಶ್ನೆ ಅದನ್ನು ತಯಾರಿಸಿದವರನ್ನು ಅಷ್ಟಾಗಿ ಬಾಧಿಸಿರಲಾರದು.

ಸ್ಟರ್ಜಸ್ ತೆರೆದ ದಾರಿಯ ಹತ್ತಿರಕ್ಕೆ ಮತ್ತೆ ಸುಳಿದದ್ದು 2025ರಲ್ಲಿ ನೆಟ್‌ಫ್ಲಿಕ್ಸ್ ಬಿಡುಗಡೆ ಮಾಡಿದ 'ಹ್ಯಾಪಿ ಗಿಲ್ಮೋರ್ 2'. ಹಾಕಿ ಆಟಗಾರನಾಗಲು ಹೊರಟ ಸಿಡುಕನೊಬ್ಬ ಅಜ್ಜಿಯ ಮನೆ ಉಳಿಸಲು ಗಾಲ್ಫ್ ಆಡುವ 1996ರ ಮೂಲಚಿತ್ರದಲ್ಲಿದ್ದ ಆಡಮ್ ಸ್ಯಾಂಡ್ಲರ್ ಇಲ್ಲಿ ಐವರು ಮಕ್ಕಳ ತಂದೆ. ತಾನೇ ಹೊಡೆದ ಚೆಂಡಿಗೆ ಹೆಂಡತಿ ಬಲಿಯಾದ ಮೇಲೆ ಕುಡಿತಕ್ಕೆ ಬಿದ್ದವನು. ಮೊದಲ ಚಿತ್ರದಲ್ಲಿ ಅವನನ್ನು ಗೆಲ್ಲಿಸಿದ ಆ ದೈತ್ಯ ಹೊಡೆತವೇ ಅವನ ಮನೆ ಮುರಿಯಿತೆಂಬುದು ಕಟುವಾದ, ಸ್ಟರ್ಜಸ್‌ಗೆ ಹಿಡಿಸಬಹುದಾಗಿದ್ದ ಕಲ್ಪನೆ; ಮೂಲಚಿತ್ರದ ತುಣುಕುಗಳನ್ನು ಅಲ್ಲಲ್ಲಿ ಹೊಲಿದಿರುವುದೂ 1947ರ ಪದ್ಧತಿಯನ್ನು ನೆನಪಿಸುತ್ತದೆ. ಹಿಂದಿನ ಚಿತ್ರದ ಕಾರ್ಲ್ ವೆದರ್ಸ್, ಬಾಬ್ ಬಾರ್ಕರ್ ಮೊದಲಾದ ಹಲವು ನಟರು ಈ ನಡುವೆ ತೀರಿಕೊಂಡಿದ್ದರಿಂದ, ಸ್ಮಶಾನದಲ್ಲೊಂದು ಹೊಡೆದಾಟದ ದೃಶ್ಯವಿಟ್ಟು ಆ ಅಗಲಿಕೆಯನ್ನೇ ನಗೆಗೆ ತಿರುಗಿಸುವ ಧೈರ್ಯವನ್ನೂ ಚಿತ್ರ ತೋರುತ್ತದೆ. ಆದರೆ ಮಗಳ ಬ್ಯಾಲೆ ಶಿಕ್ಷಣದ ಶುಲ್ಕಕ್ಕಾಗಿ ಅವನು ಮತ್ತೆ ಕೋಲು ಹಿಡಿಯುತ್ತಿದ್ದಂತೆ ಕಥೆ ಆ ದುಃಖಿ ತಂದೆಯನ್ನು ಕೈಬಿಟ್ಟು, ಶಸ್ತ್ರಚಿಕಿತ್ಸೆಯಿಂದ ಹೊಡೆತದ ಬಲ ಹೆಚ್ಚಿಸಿಕೊಂಡ ಹೊಸ ಲೀಗಿನ ಆಟಗಾರರು, ಅತಿಥಿಗಳಾಗಿ ಬಂದುಹೋಗುವ ನಿಜವಾದ ಗಾಲ್ಫ್ ತಾರೆಯರು, ಹಳೆಯ ಹಾಸ್ಯಗಳ ಮರುಪ್ರದರ್ಶನ ಇವುಗಳತ್ತ ಓಡುತ್ತದೆ. ಲಾಯ್ಡ್‌ನ ಚಿತ್ರವನ್ನು ಸಿಂಹ ಅಡ್ಡದಾರಿಗೆಳೆದಲ್ಲಿಯೇ ಈ ಚಿತ್ರವೂ ಜಾರಿತು. ನಾಯಕ ಗೆದ್ದ, ಶುಲ್ಕ ಕಟ್ಟಲಾಯಿತು, ಮೂರನೆಯ ಭಾಗವೊಂದು ಬರುವುದಾದರೆ ಅದರ ಲೇಖಕರು ಈ ಎರಡನೆಯ ಗೆಲುವನ್ನು ಎಲ್ಲಿ ಬಚ್ಚಿಡಬೇಕೆಂದು ಮತ್ತೆ ತಲೆಕೆಡಿಸಿಕೊಳ್ಳಬೇಕಾಗುತ್ತದೆ.