ಎರೆಮಣ್ಣಿನಿಂದ ಎದ್ದ ಬಣ್ಣದ ಬೊಂಬೆಗಳು

ಎಂ.ಕೆ. ಹುಬ್ಬಳ್ಳಿ ಅಂದರೆ ಹೊರಗಿನವರಿಗೆ ನೆನಪಾಗುವುದು ಮಲಪ್ರಭೆಯ ಹೊಳೆಯೊಳಗಿನ ಗಂಗಾಂಬಿಕೆಯ ಐಕ್ಯಮಂಟಪ, ಸಕ್ಕರೆ ಕಾರ್ಖಾನೆ, ಊರಿನ ಪಕ್ಕದಲ್ಲೇ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿ. ಈ ಊರಿಗೂ ಸುತ್ತಣ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಹಳ್ಳಿಗಳಿಗೂ ಇನ್ನೊಂದು ಹಳೆಯ ಗುರುತಿದೆ. ಮುಂಗಾರು ಮಳೆ ಬಿದ್ದು ನೆಲ ಹದವಾಗುತ್ತಲೇ ಇಲ್ಲಿನ ಮನೆಗಳಲ್ಲಿ ಅಂಗೈಯಗಲದ ಬೊಂಬೆಗಳನ್ನು ಮಾಡಿ, ಬಣ್ಣ ಹಚ್ಚಿ, ಪೂಜಿಸುವ ಕಾಲ ಶುರುವಾಗುತ್ತದೆ.

ಮೊದಲು ಬರುವುದು ಕಾರಹುಣ್ಣಿಮೆ. ಅಂದು ಬಣ್ಣ ಬೀಳುವುದು ಜೀವಂತ ಎತ್ತಿನ ಕೋಡಿಗೆ. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಎರೆಮಣ್ಣನ್ನು ಕಲಸಿ ಒಂದು ಜೋಡಿ ಎತ್ತು, ಅವಕ್ಕೊಂದು ಗ್ವಾದ್ಲಿ ಮಾಡುತ್ತಾರೆ. ಕಣ್ಣಿಗೆ ಕಾಳು ಒತ್ತುತ್ತಾರೆ, ಮೈಗೆ ಸುಣ್ಣ ಬಳಿಯುತ್ತಾರೆ, ಕೋಡಿಗೆ ಬಣ್ಣ, ಮೇಲೊಂದಿಷ್ಟು ಬೇಗಡೆ. ಮಾಡಲು ಬಾರದವರ ಮನೆಗೆ ಕುಂಬಾರರು ಎತ್ತುಗಳನ್ನು ತಂದುಕೊಟ್ಟು ಜೋಳ ಪಡೆದು ಹೋಗುತ್ತಿದ್ದರು. ಪೂಜೆ ಮುಗಿದ ಮೇಲೆ ಹುಡುಗರ ಪಾಲು. ಮಂದೆಯಲ್ಲೊಂದು ಎತ್ತು ಕುಂಟಾಗಿದೆ, ಜೋಳ ನೀಡಿ ಎಂದು ಹಾಡುತ್ತ ಅವರು ಮನೆಮನೆ ತಿರುಗುವ ರೂಢಿ ಬಯಲುಸೀಮೆಯ ಎಷ್ಟೋ ಊರುಗಳಲ್ಲಿದೆ.

ಆಷಾಢದ ಮಂಗಳವಾರಗಳು ಹೆಣ್ಣುಮಕ್ಕಳವು. ಅವರು ಮಾಡುವ ಗುಳ್ಳವ್ವನಿಗೆ ಗುಲಗಂಜಿ, ಕುಸುಬಿಕಾಳು, ಮಣಿಗಳ ಸಿಂಗಾರ. ಶ್ರಾವಣದಲ್ಲಿ ಮಣ್ಣಿನ ನಾಗಪ್ಪ, ಭಾದ್ರಪದದಲ್ಲಿ ಗಣಪ. ಗಣಪನ ಬೆನ್ನಿಗೇ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂತು ಬರುವ ಜೋಕುಮಾರ. ಅಗಲವಾದ ಕಣ್ಣು, ದಪ್ಪ ಮೀಸೆ, ಬೆಣ್ಣೆ ಮೆತ್ತಿದ ಬಾಯಿ. ನಮ್ಮ ಜನಪದದ ಕಲ್ಪನೆ ಎಷ್ಟು ಧಾರಾಳವಾಗಿತ್ತು ಎನ್ನುವುದಕ್ಕೆ ಈ ಒಂದು ಮುಖ ಸಾಕು.

ಇವುಗಳನ್ನು ಹಬ್ಬಗಳ ಪಟ್ಟಿಯಾಗಿ ಮಾತ್ರ ನೋಡಿದರೆ ಅರ್ಧ ಸಂಗತಿ ಕೈತಪ್ಪುತ್ತದೆ. ವರ್ಷಕ್ಕೆ ಹಲವು ಸಲ, ಮನೆಗಳಲ್ಲೇ, ಮಕ್ಕಳಿಗೆ ಮಣ್ಣು ಹದ ಮಾಡುವುದು, ಆಕಾರ ಕೊಡುವುದು, ಬಣ್ಣ ಹಚ್ಚುವುದು ತಾನಾಗಿ ಕಲಿಯಲು ಸಿಗುತ್ತಿತ್ತು. ಗುರುವಿರಲಿಲ್ಲ, ಶುಲ್ಕವಿರಲಿಲ್ಲ. ಒಣಗುವ ಮೊದಲೇ ಸುಣ್ಣ ಬಳಿದರೆ ಮೈ ಬಿರಿಯುತ್ತದೆ ಎಂಬುದನ್ನು ಬಿರಿದ ಎತ್ತೇ ಕಲಿಸುತ್ತಿತ್ತು.

ಈ ಮನೆಗೆಲಸದ ಮೇಲಿನ ಮೆಟ್ಟಿಲಲ್ಲಿ ಕಸುಬುದಾರರಿದ್ದರು. ಊರ ದ್ಯಾಮವ್ವನ ಮರದ ಮೂರ್ತಿಗೆ ಜಾತ್ರೆಯ ಮುಂಚೆ ಹೊಸ ಬಣ್ಣ ಹಚ್ಚುವವರು ಅವರು. ಬೊಂಬೆಗಳಿಗೇ ಹೆಸರಾದ ಊರೆಂದರೆ ಇದೇ ಬೆಳಗಾವಿ ಜಿಲ್ಲೆಯ ಗೋಕಾಕ. ಇಂದು ಗೋಕಾಕ ಎಂದರೆ ಕರದಂಟು ಮತ್ತು ಜಲಪಾತ. ಬ್ರಿಟಿಷರ ಕಾಲದ ಗೆಜೆಟಿಯರು ಮಾತ್ರ ಅಲ್ಲಿನ ಆಟಿಕೆಗಳನ್ನು ವಿಶೇಷವಾಗಿ ಹೆಸರಿಸುತ್ತದೆ: ಹಗುರ ಮರದಿಂದಲೂ ಸುತ್ತಮುತ್ತ ಸಿಗುವ ಒಂದು ಬಗೆಯ ಮಣ್ಣಿನಿಂದಲೂ ಮಾಡಿದ ಮನುಷ್ಯರ ಬೊಂಬೆಗಳು, ಹಣ್ಣುಗಳು. ಮರದ ಹಣ್ಣನ್ನು ಗಿಡದಿಂದ ಈಗಷ್ಟೇ ಕಿತ್ತಂತೆ ಕಾಣಿಸಬೇಕಾದರೆ ಹಸಿರು ಹಳದಿಗೆ ತಿರುಗುವ ಜಾಗವನ್ನು ಕುಂಚ ಬಲ್ಲದಾಗಿರಬೇಕು. ಆ ನೈಪುಣ್ಯ ಸಣ್ಣದಲ್ಲ.

ಗೋಕಾಕದ ಪಕ್ಕದಲ್ಲಿ ಇಡಬೇಕಾದ ಹೆಸರು ಕೊಪ್ಪಳ ಜಿಲ್ಲೆಯ ಕಿನ್ನಾಳ. ಅಲ್ಲಿನ ಚಿತ್ರಗಾರ ಮನೆತನಗಳ ಹಿರಿಯರು ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳಲ್ಲಿ ಕೈಯಾಡಿಸಿದವರು ಎಂಬ ನಂಬಿಕೆ ಇದೆ. ಕಾಮಧೇನು, ಗರುಡ, ಆಂಜನೇಯ, ಗೌರಿ, ಗಣಪ ಇವರ ಕೈಯಲ್ಲಿ ಮೂಡುತ್ತವೆ. ಹೆಣ್ಣಿನ ಮುಖ, ಹಸುವಿನ ಮೈ, ರೆಕ್ಕೆ, ನವಿಲಿನ ಗರಿ ಒಂದೇ ದೇಹದಲ್ಲಿ ಕೂಡಿದ ಕಾಮಧೇನುವನ್ನು ಕಂಡವರಿಗೆ ಅದ್ಭುತ ಲೋಕದ ಪ್ರಾಣಿಗಳಿಗಾಗಿ ಪರದೇಶದ ಕಡೆ ನೋಡಬೇಕಾದ ಅಗತ್ಯ ಬೀಳದು.

ಕಿನ್ನಾಳದ ಕೆಲಸದ ಬೆನ್ನೆಲುಬು ಬಣ್ಣವಲ್ಲ, ಬಣ್ಣದ ಕೆಳಗಿನ ಪದರಗಳು. ಹಗುರ ಮರದ ತುಂಡುಗಳನ್ನು ಕೆತ್ತಿ ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಕಟ್ಟಿಗೆ ಹೊಟ್ಟು ಮತ್ತು ಅದೇ ಅಂಟಿನೊಂದಿಗೆ ಕಲಸಿದರೆ ಕಿಟ್ಟ. ಅದನ್ನು ಮೈತುಂಬ ಮೆತ್ತಿ ಸಂದುಗಳನ್ನು ಮುಚ್ಚುತ್ತಾರೆ. ಅದರ ಮೇಲೆ ಅರಿವೆಯ ಚೂರು, ಮತ್ತೆ ಅಂಟಿನಲ್ಲಿ ಕಲಸಿದ ಬೆಣಚುಕಲ್ಲಿನ ನುಣ್ಣನೆಯ ಪುಡಿ. ಸರ, ಕಿರೀಟ, ಡಾಬುಗಳು ಕೆತ್ತನೆಯಲ್ಲಿ ಬರುವುದಿಲ್ಲ. ಈ ಕಲ್ಲುಪುಡಿಯ ಮಿಶ್ರಣವನ್ನು ಎಳೆಯೆಳೆಯಾಗಿ ಇಟ್ಟು ಉಬ್ಬಿಸಿದವು ಅವು. ಎಲ್ಲ ಒಣಗಿದ ಮೇಲೆ ಬಣ್ಣ. ತವರದಿಂದ ತಯಾರಿಸಿದ ಲಾಜವಾರ ಹಚ್ಚಿ ತಿಕ್ಕಿದರೆ ಒಡವೆಗೆ ಲೋಹದ ಹೊಳಪು ಬರುತ್ತದೆ. ಹೀಗೆ ಮಾಡಿದ ಬೊಂಬೆಯ ಮೈ ಸುಲಭಕ್ಕೆ ಬಿರಿಯದು, ಬಣ್ಣ ಉದುರದು.

ದೂರದ ಇಂಗ್ಲೆಂಡಿನಲ್ಲೂ ಒಂದು ಬೊಂಬೆಯ ಹವ್ಯಾಸ ಬೆಳೆಯಿತು. ಎಚ್.ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರಿಂದ ಯುದ್ಧದಾಟ ಆಡುವ ನಿಯಮಗಳನ್ನು ‘ಲಿಟಲ್ ವಾರ್ಸ್’ ಎಂಬ ಪುಸ್ತಕವಾಗಿ ಬರೆದ. 1974ರಲ್ಲಿ ಅಮೆರಿಕದಿಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಬಂತು. ಅದರ ಮರುವರ್ಷ ಲಂಡನ್ನಿನ ಮೂವರು ಗೆಳೆಯರು ಮರದ ಆಟದ ಮಣೆಗಳನ್ನು ಮಾಡಿ ಮಾರಲು ‘ಗೇಮ್ಸ್ ವರ್ಕ್‌ಶಾಪ್’ ತೆರೆದರು. 1983ರಲ್ಲಿ ಅದು ಹೊರತಂದ ‘ವಾರ್‌ಹ್ಯಾಮರ್’ ಆಟದಿಂದ ಯಕ್ಷರು, ರಾಕ್ಷಸರು, ಸರ್ಪಗಳಂಥ ಬೆರಳುದ್ದದ ಬೊಂಬೆಗಳಿಗೆ ಬಣ್ಣ ಹಚ್ಚುವುದೇ ಲಕ್ಷಾಂತರ ಜನರ ಬಿಡುವಿನ ಕೆಲಸವಾಯಿತು. 1987ರಲ್ಲಿ ‘ಗೋಲ್ಡನ್ ಡೀಮನ್’ ಸ್ಪರ್ಧೆ ಶುರುವಾಯಿತು. ಅಲ್ಲಿ ಗೆದ್ದವರಲ್ಲಿ ಗೆದ್ದವನಿಗೆ ನಿಜವಾದ ಒಂದು ಖಡ್ಗವೇ ಬಹುಮಾನ.

ಈ ಹವ್ಯಾಸಿಗಳ ಕೆಲಸದ ಕ್ರಮವನ್ನು ಕಿನ್ನಾಳದವರಿಗೆ ವಿವರಿಸಬೇಕಾಗಿಲ್ಲ. ಮೊದಲು ಬಣ್ಣ ಹಿಡಿಯುವಂತೆ ಇಡೀ ಮೈಗೆ ಒಂದು ತಳಬಣ್ಣ. ಅದರ ಮೇಲೆ ಮೂಲ ಬಣ್ಣಗಳು. ನೆರಿಗೆಗಳೊಳಗೆ ನೀರಾದ ಗಾಢ ಬಣ್ಣವನ್ನು ಹರಿಬಿಟ್ಟು ನೆರಳು, ಉಬ್ಬಿದ ಕಡೆ ತಿಳಿಬಣ್ಣ ಸವರಿ ಬೆಳಕು. ಕಣ್ಣು ಎಲ್ಲಕ್ಕಿಂತ ಕಠಿಣ. ಸಾಮಗ್ರಿ ಬೇರೆ: ಅಲ್ಲಿ ಸೀಸದ ಮಿಶ್ರಲೋಹ, ಈಗ ಪ್ಲಾಸ್ಟಿಕ್ ಮತ್ತು ರೆಸಿನ್, ಇಲ್ಲಿ ಮಣ್ಣು, ಮರ, ಹುಣಸೆಬೀಜ. ದೊಡ್ಡ ವ್ಯತ್ಯಾಸವಿರುವುದು ಬೇರೆ ಕಡೆ. ಅಲ್ಲಿ ಮೊದಲ ಬೊಂಬೆಗೆ ಬಣ್ಣ ಹಚ್ಚಿದ ಹುಡುಗನೂ ಖಡ್ಗ ಗೆದ್ದವನೂ ಒಂದೇ ಹಾದಿಯ ಎರಡು ತುದಿಗಳಲ್ಲಿದ್ದಾರೆ. ಅಂಗಡಿ, ಕೂಟ, ಪ್ರದರ್ಶನ, ಸ್ಪರ್ಧೆ ಆ ಹಾದಿಯ ಮೆಟ್ಟಿಲುಗಳು.

ನಮ್ಮಲ್ಲಿ ಮೊದಲ ಮೆಟ್ಟಿಲೂ ಕೊನೆಯದೂ ಇವೆ, ನಡುವಿನವು ಇಲ್ಲ. ನುರಿತ ಕುಶಲಕರ್ಮಿಗಳಿಗೆ ಕೇಂದ್ರ ಸರ್ಕಾರ 1965ರಿಂದ ರಾಷ್ಟ್ರಪ್ರಶಸ್ತಿ ಕೊಡುತ್ತ ಬಂದಿದೆ. ಕಿನ್ನಾಳದ ಆಟಿಕೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಆದರೆ ಮಣ್ಣೆತ್ತಿಗೆ ಚೆಂದಾಗಿ ಬಣ್ಣ ಹಚ್ಚಿದ ಬೈಲಹೊಂಗಲದ ಹುಡುಗಿಗೆ ಅದನ್ನು ನಾಲ್ಕು ಜನರೆದುರು ಇಡಲು ಜಾಗ ಎಲ್ಲಿದೆ? ಹಬ್ಬ ಮುಗಿದರೆ ಎತ್ತಿನ ಜೊತೆ ಅವಳ ಕಲಿಕೆಯೂ ಹೊಳೆ ಸೇರುತ್ತದೆ. ಈಚೆಗಂತೂ ಅಚ್ಚಿನಲ್ಲಿ ಎರಕ ಹೊಯ್ದು ಬಣ್ಣ ಸಿಂಪಡಿಸಿದ ಎತ್ತುಗಳು ಸಂತೆಯಲ್ಲೇ ಜೋಡಿಯಾಗಿ ಸಿಗುತ್ತವೆ. ಪಿಒಪಿ ಗಣಪನನ್ನು ಮಾಲಿನ್ಯ ನಿಯಂತ್ರಣ ಮಂಡಳಿ ನಿಷೇಧಿಸಿದೆ, ಅದು ಒಳ್ಳೆಯದೇ. ಹೊಳೆಯ ನೀರಿಗೆ ಅದರಿಂದ ಅನುಕೂಲವಾದೀತು. ಮನೆಯೊಳಗೆ ಕೈ ಕಲಿಯಬೇಕಾದ ಕೆಲಸಕ್ಕೆ ನಿಷೇಧವೊಂದೇ ಸಾಲದು.

ಇದಕ್ಕೆ ದಾರಿ ದೂರವಿಲ್ಲ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆ ಬ್ರಿಟಿಷರನ್ನು ಸೋಲಿಸಿದ ನೆನಪಿಗೆ ಪ್ರತಿವರ್ಷ ಕಿತ್ತೂರು ಉತ್ಸವ ನಡೆಯುತ್ತದೆ. ಆ ಉತ್ಸವದಲ್ಲಿ ಬಣ್ಣದ ಬೊಂಬೆಗಳಿಗೆ ಒಂದು ಸ್ಪರ್ಧೆ ಇಡಲಿ. ಶಾಲೆಯ ಮಕ್ಕಳಿಗೆ ಮಣ್ಣೆತ್ತು ಮತ್ತು ಗುಳ್ಳವ್ವ, ದೊಡ್ಡವರಿಗೆ ಚೆನ್ನಮ್ಮನ ಪಡೆಯ ಕುದುರೆ ಸವಾರರು, ಜೋಕುಮಾರ, ಕಾಮಧೇನು. ತೀರ್ಪು ಹೇಳಲು ಕಿನ್ನಾಳ ಮತ್ತು ಗೋಕಾಕದ ಕಸುಬುದಾರರನ್ನು ಗೌರವದಿಂದ ಕರೆಸಲಿ. ಒಂದು ಹಗಲು ಅವರು ಮಕ್ಕಳೆದುರು ಕೂತು ಕಿಟ್ಟ ಕಲಸುವುದನ್ನೂ ಲಾಜವಾರ ತಿಕ್ಕುವುದನ್ನೂ ತೋರಿಸಲಿ. ಉತ್ಸವ ಸಮಿತಿಯವರು, ಸುತ್ತಲಿನ ಶಾಲೆಗಳ ಚಿತ್ರಕಲಾ ಶಿಕ್ಷಕರು ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಗೇ ಇದರ ತಯಾರಿ ಶುರುಮಾಡಬೇಕು.