ಪದವಿಯ ನಂತರದ ಒಂದು ವರ್ಷ

ಓದಿದ ತರುಣರು ಒಂದಿಡೀ ವರ್ಷ ಸಮಾಜದ ಕೆಲಸಕ್ಕೆ ನಿಲ್ಲಬೇಕೆಂಬ ಯೋಚನೆ ನಮ್ಮಲ್ಲಿ ಹೊಸದಲ್ಲ. ಕಾಲೇಜು ಸೇರುವ ಮುನ್ನ ಒಂಬತ್ತು ತಿಂಗಳಿಂದ ಒಂದು ವರ್ಷದ ಸೇವೆ ಕಡ್ಡಾಯವಾಗಲಿ ಎಂದು ಸಿ.ಡಿ. ದೇಶಮುಖ್ ಸಮಿತಿ ಶಿಫಾರಸು ಮಾಡಿತ್ತು. ಖರ್ಚಿನ ಕಾರಣಕ್ಕೆ ಅದು ಕಡತದಲ್ಲೇ ಉಳಿಯಿತು. 1969ರಲ್ಲಿ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್ ಆರಂಭಿಸಿದರು. ಇಡೀ ವರ್ಷದ ಮಾತು ಅಲ್ಲಿ ವರ್ಷಕ್ಕೆ 120 ಗಂಟೆಗೆ ಇಳಿಯಿತು. ಪದವೀಧರರಿಗೆಂದೇ ಪೂರ್ಣಾವಧಿ ಸ್ವಯಂಸೇವಕ ಯೋಜನೆ 1977-78ರಲ್ಲಿ ಬಂತಾದರೂ, 2010-11ರಲ್ಲಿ ಅದು ರಾಷ್ಟ್ರೀಯ ಯುವ ದಳದಲ್ಲಿ ವಿಲೀನವಾಯಿತು. ಪದವಿಯ ಷರತ್ತು ಹೋಗಿ ಹತ್ತನೇ ತರಗತಿ ಸಾಕೆಂದಾಯಿತು. ಇಷ್ಟು ವರ್ಷವೂ ಯುವಕರಿಗೆ ಸೇವೆಯಿಂದ ಏನು ಸಿಕ್ಕೀತು ಎಂಬುದನ್ನೇ ಚರ್ಚಿಸಿದೆವು. ಊರಿಗೆ ಯಾವ ಕೆಲಸ ಬೇಕಾಗಿದೆ ಎಂದು ಕೇಳಲಿಲ್ಲ. ಯೋಜನೆಗಳು ಸೊರಗಿದ್ದು ಇಲ್ಲೇ ಎಂಬುದು ನನ್ನ ವಾದ.

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ, ಹಳಿಯಾಳ, ದಾಂಡೇಲಿ, ಮುಂಡಗೋಡಗಳಲ್ಲಿ ಅಂಥ ಕೆಲಸವೊಂದು ಕಣ್ಣೆದುರೇ ಇದೆ: ಕಾಡಿನ ಜಮೀನಿನ ಹಕ್ಕಿಗೆ ಪುರಾವೆ ಬರೆದಿಡುವುದು. 2003ರ ಜನವರಿಯಲ್ಲಿ ಒಂದೇ ತಿದ್ದುಪಡಿ ಕಾಯ್ದೆ ಉತ್ತರ ಕನ್ನಡದ ಸಿದ್ದಿಯರನ್ನೂ ಗೋವಾದ ಕುಣಬಿಗಳನ್ನೂ ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಗಡಿಯ ಈಚೆ, ಜೋಯಿಡಾದ ಕುಣಬಿಗಳು ಹೊರಗುಳಿದರು. ಇದರ ಪೆಟ್ಟು ಬಿದ್ದದ್ದು 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ. ಆ ಕಾಯ್ದೆಯಡಿ ಕಾಡಿನ ಜಮೀನಿನ ಹಕ್ಕು ಪಡೆಯಲು, 2005ರ ಡಿಸೆಂಬರ್ 13ಕ್ಕೂ ಮೊದಲೇ ಸಾಗುವಳಿ ಇತ್ತೆಂದು ಸಿದ್ದಿ ಕುಟುಂಬ ತೋರಿಸಿದರೆ ನಡೆಯುತ್ತದೆ. ಪಂಗಡದ ಪಟ್ಟಿಯಲ್ಲಿಲ್ಲದ ಕುಣಬಿ, ಗೌಳಿ ಕುಟುಂಬಗಳು ಅದರ ಮೇಲೆ ಮೂರು ತಲೆಮಾರಿನ, ಅಂದರೆ 75 ವರ್ಷಗಳ, ವಾಸವನ್ನೂ ರುಜುವಾತು ಮಾಡಬೇಕು. 1930ರ ಕಾಗದವನ್ನು ಕಾಡಿನೊಳಗಿನ ಮನೆ ಎಲ್ಲಿಂದ ತಂದೀತು? ನಿಯಮವೇ ಇದಕ್ಕೆ ದಾರಿ ಬಿಟ್ಟಿದೆ: ಊರ ಹಿರಿಯರ ಬರೆದಿಟ್ಟ ಹೇಳಿಕೆ, ವಂಶಾವಳಿ, ಹಳೆಯ ಬಾವಿ, ಸ್ಮಶಾನ, ದೇವರ ಬನ ಎಲ್ಲವೂ ಪುರಾವೆಯಾಗಬಲ್ಲವು. ಆದರೆ ಹಿರಿಯರು ಕೊಂಕಣಿಯಲ್ಲೋ ಮರಾಠಿಯಲ್ಲೋ ಹೇಳಿದ್ದನ್ನು ಕನ್ನಡದಲ್ಲಿ ಬರೆದು ಗ್ರಾಮಸಭೆಯ ಮುಂದಿಡುವವರು ಬೇಕು. ಎನ್‌ಎಸ್‌ಎಸ್‌ನ ಏಳು ದಿನದ ಶಿಬಿರದಲ್ಲಿ ಆಗುವ ಕೆಲಸ ಇದಲ್ಲ. ದಾಂಡೇಲಿಯ ಬಂಗೂರನಗರ ಕಾಲೇಜಿನಲ್ಲೋ ಹಳಿಯಾಳದಲ್ಲೋ ಓದಿ ಎರಡೂ ಭಾಷೆ ಬಲ್ಲ ಸ್ಥಳೀಯ ಪದವೀಧರರಿಗೆ ಇದು ಸಾಧ್ಯ.

ಒಂದು ವರ್ಷ ಏನೇನೂ ಸಾಲದು ಎನ್ನುವವರಿದ್ದಾರೆ. ತೀರ್ಮಾನಕ್ಕೆ ಸಾಲದು, ನಿಜ. ಅರ್ಜಿ ಉಪವಿಭಾಗ, ಜಿಲ್ಲಾ ಸಮಿತಿಗಳನ್ನು ದಾಟಬೇಕು. ಆದರೆ ಸರಿಯಾಗಿ ದಾಖಲಾದ ಹೇಳಿಕೆ ಬರೆದವರು ಹೋದ ಮೇಲೂ ಉಳಿಯುತ್ತದೆ, ಹೇಳುವ ಹಿರಿಯರು ಮಾತ್ರ ಉಳಿಯುವುದಿಲ್ಲ. ಬಡ ಮನೆಯ ಪದವೀಧರರನ್ನು ಸೇವೆಯ ಹೆಸರಲ್ಲಿ ಅಗ್ಗಕ್ಕೆ ದುಡಿಸುವುದು ಅನ್ಯಾಯವೆಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಒಂದು ವರ್ಷದ ಸಂಪಾದನೆ ಬಿಡುವುದು ಅಂಥ ಮನೆಗೆ ಸಣ್ಣ ಮಾತಲ್ಲ. ಬದುಕಲು ಸಾಕಾಗುವ ಗೌರವಧನವಿಲ್ಲದೆ ಇದನ್ನು ಕೇಳಲೇಬಾರದು. ನಿರುದ್ಯೋಗಿ ಪದವೀಧರರಿಗೆ ರಾಜ್ಯ ಸರ್ಕಾರ ಯುವನಿಧಿಯಡಿ ತಿಂಗಳಿಗೆ 3,000 ರೂಪಾಯಿ ಕೊಡುತ್ತಿದೆ. ಇಷ್ಟವಿದ್ದವರಿಗೆ ಅದರ ಮೇಲೆ ನ್ಯಾಯವಾದ ಮೊತ್ತ ಸೇರಿಸಿ, ಈ ಕೆಲಸವನ್ನು ಮೊದಲು ಜೋಯಿಡಾದಲ್ಲಿ ಶುರು ಮಾಡಲಿ.